ಆರ್ಡರುಗಳ ರಾಶಿ, ಕಾರ್ಖಾನೆಯ ಕಸುವು

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಹತ್ತಿ, ಒಣಮೆಣಸಿನಕಾಯಿ ದರದ ಮಾತು ಇಂದಿಗೂ ನಡೆಯುತ್ತದೆ. ಆದರೆ ಕೊಪ್ಪಿಕರ ರಸ್ತೆಯ ಚಹದಂಗಡಿಗಳಲ್ಲಿ, ಧಾರವಾಡದ ಕಾಲೇಜು ಕ್ಯಾಂಟೀನುಗಳಲ್ಲಿ ಈಚಿನ ವರ್ಷಗಳಲ್ಲಿ ಇನ್ನೊಂದು ದರದ ಮಾತೂ ಸೇರಿಕೊಂಡಿದೆ. ಅದು ರಕ್ಷಣಾ ಕಂಪನಿಗಳ ಷೇರಿನ ದರ. 2025ರ ಮೇ ತಿಂಗಳಲ್ಲಿ ‘ಆಪರೇಷನ್ ಸಿಂಧೂರ’ ನಡೆದ ಮೇಲಂತೂ ಟಿವಿ ವಾಹಿನಿಗಳು ಒಂದು ಕಡೆ ಕ್ಷಿಪಣಿಯ ಚಿತ್ರ, ಇನ್ನೊಂದು ಕಡೆ ಷೇರಿನ ಗೆರೆ ತೋರಿಸುತ್ತ, ಎರಡೂ ಮೇಲಕ್ಕೆ ಹೋಗುತ್ತಿರುವುದನ್ನು ಒಂದೇ ಉಸಿರಿನಲ್ಲಿ ಕೊಂಡಾಡಿದವು. ನಿವೃತ್ತ ಶಿಕ್ಷಕರು, ಜವಳಿ ಅಂಗಡಿಯ ಗುಮಾಸ್ತರು, ಈಗಷ್ಟೇ ಮೊದಲ ಸಂಬಳ ಕಂಡ ಎಂಜಿನಿಯರ್ ಹುಡುಗರು ಹಿಂದೂಸ್ತಾನ್ ಏರೋನಾಟಿಕ್ಸ್, ಭಾರತ್ ಎಲೆಕ್ಟ್ರಾನಿಕ್ಸ್ ಎಂಬ ಹೆಸರುಗಳನ್ನು ಮನೆದೇವರ ಹೆಸರಿನಷ್ಟು ಭಕ್ತಿಯಿಂದ ಹೇಳತೊಡಗಿದರು.

ಕಂಪನಿ ಗಟ್ಟಿ ಇದೆಯೇ ಎಂದು ಇವರನ್ನು ಕೇಳಿ ನೋಡಿ. ‘ಷೇರು ಎಷ್ಟು ಏರಿದೆ ನೋಡಿಲ್ಲೇನು?’ ಎಂಬುದು ಮೊದಲ ಉತ್ತರ. ‘ಎರಡು ಲಕ್ಷ ಕೋಟಿಯ ಆರ್ಡರ್ ಐತಿ’ ಎಂಬುದು ಎರಡನೆಯ ಉತ್ತರ. ‘ಸರ್ಕಾರವೇ ಹಿಂದಿದೆ, ಮುಳುಗುವುದು ಹೇಗೆ?’ ಎಂಬುದು ಮೂರನೆಯದು. ಮೂರೂ ಉತ್ತರಗಳು ಕೇಳುವುದಕ್ಕೆ ಚೆನ್ನಾಗಿವೆ. ಆದರೆ ಒಂದು ಉದ್ದಿಮೆಯ ಶಕ್ತಿ ಎಷ್ಟು ಎಂಬ ಪ್ರಶ್ನೆಗೆ ಮೂರರಲ್ಲಿ ಒಂದೂ ಉತ್ತರವಲ್ಲ. ಇದನ್ನು ಎಚ್‌ಎಎಲ್ ಎಂಬ ನಮ್ಮದೇ ನಾಡಿನ ಸಂಸ್ಥೆಯ ಲೆಕ್ಕವನ್ನು ಮುಂದಿಟ್ಟುಕೊಂಡು ಹೇಳುವುದು ಅಗತ್ಯವಾಗಿದೆ. ಏಕೆಂದರೆ ಅದು ಷೇರುದಾರರ ಸೊತ್ತಾಗುವ ಮೊದಲು ಜನರ ಸೊತ್ತಾಗಿತ್ತು. ಇಂದಿಗೂ ಅದರ ಶೇ. 71.64ರಷ್ಟು ಪಾಲು ಕೇಂದ್ರ ಸರ್ಕಾರದ್ದು, ಅಂದರೆ ಷೇರು ಪೇಟೆಯ ಮುಖವನ್ನೇ ನೋಡದ ಕಲಘಟಗಿಯ ರೈತನದ್ದೂ ಹೌದು, ಹಳೇ ಹುಬ್ಬಳ್ಳಿಯ ಹಮಾಲನದ್ದೂ ಹೌದು.

ಈ ಸಂಸ್ಥೆ ಹುಟ್ಟಿದ್ದು 1940ರ ಡಿಸೆಂಬರ್ 23ರಂದು, ಬೆಂಗಳೂರಿನಲ್ಲಿ. ಬಂಡವಾಳ ಹೂಡಿದವರು ಉದ್ಯಮಿ ವಾಲ್‌ಚಂದ್ ಹೀರಾಚಂದ್. ಅವರ ಜೊತೆ ಪಾಲುದಾರನಾಗಿ ನಿಂತದ್ದು ಮೈಸೂರು ಸಂಸ್ಥಾನ, ಆಗಿನ ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಮಹಾಯುದ್ಧದ ನಡುವೆ 1942ರಲ್ಲಿ ಬ್ರಿಟಿಷ್ ಭಾರತ ಸರ್ಕಾರ ಕಾರ್ಖಾನೆಯನ್ನು ತನ್ನ ಕೈಗೆ ತೆಗೆದುಕೊಂಡಿತು. 1964ರಲ್ಲಿ ಇಂದಿನ ಹೆಸರು ಬಂತು. ಮೈಸೂರಿನ ಜನರ ತೆರಿಗೆ ಹಣ ಮೊದಲ ಇಟ್ಟಿಗೆಯಲ್ಲೇ ಇದೆ ಎಂಬುದನ್ನು ಇಂದು ‘ಮಾರುಕಟ್ಟೆ ಮೌಲ್ಯ’ದ ಬಗ್ಗೆ ಉಪದೇಶಿಸುವವರು ನೆನಪಿಡಬೇಕು.

ಮೊದಲು ಷೇರಿನ ದರವನ್ನೇ ನೋಡೋಣ. 2018ರ ಮಾರ್ಚ್‌ನಲ್ಲಿ ಎಚ್‌ಎಎಲ್ ಷೇರುಗಳನ್ನು ಮೊದಲ ಬಾರಿಗೆ ಸಾರ್ವಜನಿಕರಿಗೆ ಮಾರಲಾಯಿತು. ಒಂದು ಷೇರಿಗೆ 1,215ರಿಂದ 1,240 ರೂಪಾಯಿ ಎಂದು ಬೆಲೆ ಕಟ್ಟಲಾಗಿತ್ತು. ಕೊಳ್ಳುವವರು ಸಾಲದೆ ಕೊನೆಗೆ ಜೀವ ವಿಮಾ ನಿಗಮವೇ ದೊಡ್ಡ ಪಾಲನ್ನು ಹೊತ್ತುಕೊಂಡಿತು. ಅಂದರೆ ಸರ್ಕಾರ ತನ್ನ ಎಡಗೈಯಿಂದ ಬಲಗೈಗೆ ಮಾರಿತು, ನಡುವೆ ನಮ್ಮ ನಿಮ್ಮ ವಿಮಾ ಕಂತಿನ ಹಣ ಕೈ ಬದಲಾಯಿಸಿತು. 2020ರ ಆಗಸ್ಟ್‌ನಲ್ಲಿ ಕೊರೋನಾ ಕಾಲದ ಖಾಲಿ ಬೊಕ್ಕಸ ತುಂಬಿಸಲು ಸರ್ಕಾರ ಸುಮಾರು ಶೇ. 15ರಷ್ಟು ಪಾಲನ್ನು ಮತ್ತೆ ಮಾರಿತು. ಆಗಿನ ಕನಿಷ್ಠ ದರ 1,001 ರೂಪಾಯಿ. 2023ರಲ್ಲಿ ಒಂದು ಷೇರನ್ನು ಎರಡಾಗಿ ಸೀಳಲಾಯಿತು. ಸೀಳಿದ ಅರ್ಧ ಷೇರಿನ ಬೆಲೆಯೇ 2024ರ ಜುಲೈನಲ್ಲಿ 5,600 ರೂಪಾಯಿ ದಾಟಿತು. 2020ರ ದರಕ್ಕೆ ಹೋಲಿಸಿದರೆ ಇದು ಹನ್ನೊಂದು ಪಟ್ಟು!

ನಾಲ್ಕು ವರ್ಷಗಳಲ್ಲಿ ಆ ಕಾರ್ಖಾನೆಯಲ್ಲಿ ಏನು ಹನ್ನೊಂದು ಪಟ್ಟಾಯಿತು? ವಿಮಾನಗಳೇ? ಯಂತ್ರಗಳೇ? ಕುಶಲ ಕಾರ್ಮಿಕರೇ? ಯಾವುದೂ ಅಲ್ಲ. ಹನ್ನೊಂದು ಪಟ್ಟಾದದ್ದು ಪೇಟೆಯ ಉಮೇದು ಮಾತ್ರ. 2020ರಲ್ಲಿ ಯಾರಿಗೂ ಬೇಡವಾಗಿದ್ದ ಸಂಸ್ಥೆ 2024ರಲ್ಲಿ ಎಲ್ಲರಿಗೂ ಬೇಕಾಯಿತು. ಎರಡೂ ಸಲ ಪೇಟೆ ಕಾರ್ಖಾನೆಯ ಒಳಗೆ ಇಣುಕಿ ನೋಡಿರಲಿಲ್ಲ. ಷೇರಿನ ದರವೇ ಶಕ್ತಿಯ ಅಳತೆಯಾದರೆ, ಜನರ ಸೊತ್ತನ್ನು ಅದರ ಶಕ್ತಿಯ ಹನ್ನೊಂದನೇ ಒಂದು ಪಾಲಿಗೆ ಮಾರಿದವರನ್ನು ಏನೆಂದು ಕರೆಯಬೇಕು? ಈ ಪ್ರಶ್ನೆಯನ್ನು ಯಾವ ವಾಹಿನಿಯೂ ಕೇಳಲಿಲ್ಲ.

ಇನ್ನು ಆರ್ಡರ್ ಪುಸ್ತಕದ ಮಾತು. ಇದು ಹೆಚ್ಚು ಗಂಭೀರವಾದದ್ದು, ಹೆಚ್ಚು ಮೋಸಗೊಳಿಸುವಂಥದ್ದು ಕೂಡ. 2024ರ ಮಾರ್ಚ್ ಅಂತ್ಯಕ್ಕೆ ಎಚ್‌ಎಎಲ್ ಕೈಯಲ್ಲಿದ್ದ ಆರ್ಡರುಗಳ ಮೊತ್ತ ಸುಮಾರು 94,000 ಕೋಟಿ ರೂಪಾಯಿ. ಒಂದೇ ವರ್ಷದಲ್ಲಿ, 2025ರ ಮಾರ್ಚ್ ಅಂತ್ಯಕ್ಕೆ, ಅದು 1,80,000 ಕೋಟಿ ದಾಟಿತು. ಆ ತಿಂಗಳ ಕೊನೆಯಲ್ಲಿ 156 ‘ಪ್ರಚಂಡ್’ ಹೆಲಿಕಾಪ್ಟರುಗಳಿಗಾಗಿ ಸಹಿ ಬಿದ್ದ 62,700 ಕೋಟಿಯ ಒಪ್ಪಂದವೇ ಇದಕ್ಕೆ ಮುಖ್ಯ ಕಾರಣ. 2025ರ ಸೆಪ್ಟೆಂಬರಿನಲ್ಲಿ 97 ತೇಜಸ್ ಯುದ್ಧವಿಮಾನಗಳಿಗಾಗಿ ಇನ್ನೂ 62,370 ಕೋಟಿ ಸೇರಿತು. ಭರ್ಜರಿ ಲೆಕ್ಕ! ಆದರೆ ಅದೇ 2024-25ರಲ್ಲಿ ಎಚ್‌ಎಎಲ್‌ನ ವಹಿವಾಟು ಎಷ್ಟು ಬೆಳೆಯಿತು? ಹಿಂದಿನ ವರ್ಷ 30,381 ಕೋಟಿ ಇದ್ದದ್ದು 30,981 ಕೋಟಿಯಾಯಿತು. ಬರೀ ಶೇ. 2. ಆರ್ಡರು ದುಪ್ಪಟ್ಟಾಯಿತು, ಕೆಲಸ ಇದ್ದಲ್ಲೇ ಇತ್ತು.

ರಮ್ಜಾನಿನ ಮೊದಲು, ದೀಪಾವಳಿಯ ಮೊದಲು ನಮ್ಮೂರ ದರ್ಜಿ ಅಂಗಡಿಗೆ ಹೋಗಿ ನೋಡಿ. ಗೋಡೆಯ ತುಂಬ ಅಳತೆ ಚೀಟಿ ಕಟ್ಟಿದ ಬಟ್ಟೆಯ ಗಂಟುಗಳು. ಗಂಟುಗಳ ರಾಶಿ ನೋಡಿ ‘ಅಬ್ಬಾ, ಎಂಥ ಗಟ್ಟಿ ಕುಳ’ ಎಂದು ಯಾರೂ ಹೇಳುವುದಿಲ್ಲ. ಹಬ್ಬದ ಹಿಂದಿನ ರಾತ್ರಿ ಎಷ್ಟು ಅಂಗಿ ಹೊಲಿದು ಕೊಟ್ಟ ಎಂಬುದರ ಮೇಲೆ ಅವನ ಹೆಸರು ನಿಂತಿದೆ. ಹೊಲಿಯದೆ ಉಳಿದ ಗಂಟು ಆಸ್ತಿಯಲ್ಲ, ಅದು ಬಾಕಿ. ವಿಮಾನ ಕಟ್ಟುವವನಿಗೂ ಇದೇ ನ್ಯಾಯ.

2021ರ ಫೆಬ್ರುವರಿಯಲ್ಲಿ, ಬೆಂಗಳೂರಿನ ಏರ್ ಶೋ ವೇದಿಕೆಯ ಮೇಲೆ, 83 ತೇಜಸ್ ವಿಮಾನಗಳ ಒಪ್ಪಂದಕ್ಕೆ ಸಹಿ ಬಿತ್ತು. ಬೆಲೆ ಸುಮಾರು 48,000 ಕೋಟಿ ಎಂದು ಸಾರಲಾಯಿತು. ಮೊದಲ ‘ಮಾರ್ಕ್ 1ಎ’ ವಿಮಾನವನ್ನು 2024ರ ಮಾರ್ಚ್ ಒಳಗೆ ಕೊಡಬೇಕಿತ್ತು. 2025 ಮುಗಿದರೂ ಒಂದೇ ಒಂದು ವಿಮಾನ ವಾಯುಪಡೆಯ ಕೈ ಸೇರಲಿಲ್ಲ. ಈ ನಡುವೆ 2025ರ ಸೆಪ್ಟೆಂಬರಿನಲ್ಲಿ ಕೊನೆಯ ಮಿಗ್-21ಗಳು ನಿವೃತ್ತವಾಗಿ, 42 ಸ್ಕ್ವಾಡ್ರನ್ ಇರಬೇಕಾದ ವಾಯುಪಡೆ 29ಕ್ಕೆ ಇಳಿಯಿತು. ಅದೇ ವರ್ಷದ ಫೆಬ್ರುವರಿಯ ಏರ್ ಶೋದಲ್ಲಿ ವಾಯುಪಡೆಯ ಮುಖ್ಯಸ್ಥ ಎ.ಪಿ. ಸಿಂಗ್ ಅವರು ಎಚ್‌ಎಎಲ್ ಅಧಿಕಾರಿಗಳೆದುರೇ ತಮಗೆ ಸದ್ಯಕ್ಕೆ ಈ ಸಂಸ್ಥೆಯ ಮೇಲೆ ವಿಶ್ವಾಸವಿಲ್ಲ ಎಂದದ್ದು ಕ್ಯಾಮೆರಾದಲ್ಲಿ ದಾಖಲಾಯಿತು. ಇರುವುದೇ ಒಬ್ಬ ದೊಡ್ಡ ಗಿರಾಕಿ. ಆ ಗಿರಾಕಿಯೇ ಅಂಗಡಿಯ ಬಾಗಿಲಲ್ಲಿ ನಿಂತು ಹೀಗೆ ಹೇಳಿದ ಮೇಲೂ ಗೋಡೆಯ ಗಂಟುಗಳನ್ನು ಎಣಿಸುತ್ತ ಕೂಡುವುದು ಎಂಥ ಜಾಣತನ?

‘ಆರ್ಡರ್’ ಎಂಬ ಪದವೂ ಎಷ್ಟು ಸಡಿಲವೆಂಬುದನ್ನು ಸಂಸತ್ತೇ ಒಮ್ಮೆ ತೋರಿಸಿಕೊಟ್ಟಿದೆ. ರಫೇಲ್ ವಿವಾದ ಕಾವೇರಿದ್ದ ಕಾಲ. ಹಳೆಯ ಯೋಜನೆಯಂತೆ 126 ರಫೇಲ್‌ಗಳಲ್ಲಿ 108ನ್ನು ಎಚ್‌ಎಎಲ್ ಕಟ್ಟಬೇಕಿತ್ತು. 2015ರಲ್ಲಿ ಆ ಯೋಜನೆಯನ್ನೇ ಕೈಬಿಟ್ಟು 36 ಸಿದ್ಧ ವಿಮಾನಗಳನ್ನು ತರಿಸಲಾಯಿತು. ಎಚ್‌ಎಎಲ್ ಹೊಟ್ಟೆಯ ಮೇಲೆ ಹೊಡೆದಿರಿ ಎಂಬ ಟೀಕೆಗೆ ಉತ್ತರವಾಗಿ 2019ರ ಜನವರಿಯಲ್ಲಿ ಆಗಿನ ರಕ್ಷಣಾ ಸಚಿವೆ ನಿರ್ಮಲಾ ಸೀತಾರಾಮನ್ ಒಂದು ಲಕ್ಷ ಕೋಟಿಯ ಆರ್ಡರುಗಳ ಮಾತಾಡಿದರು. ಪುರಾವೆ ಕೇಳಿದಾಗ ಲೆಕ್ಕ ಬಿಚ್ಚಿಕೊಂಡಿತು: 2014ರಿಂದ 2018ರ ನಡುವೆ ಸಹಿಯಾಗಿದ್ದದ್ದು 26,570 ಕೋಟಿಯ ಒಪ್ಪಂದಗಳು, ಉಳಿದ ಸುಮಾರು 73,000 ಕೋಟಿ ಇನ್ನೂ ಮಾತುಕತೆಯ ಹಾದಿಯಲ್ಲಿತ್ತು. ಹೆಣ್ಣು ನೋಡಲು ಹೋದವರನ್ನೂ ಬೀಗರ ಪಟ್ಟಿಯಲ್ಲಿ ಸೇರಿಸಿದಂತೆ! ಅವುಗಳಲ್ಲಿ ಕೆಲವು ಮುಂದೆ ನಿಜವಾದ ಒಪ್ಪಂದಗಳಾದವು, ಸರಿ. ಆದರೆ ಅಂದಿನ ಶಕ್ತಿಯನ್ನು ಅಳೆಯಲು ಮುಂದಿನ ಆಸೆಯನ್ನು ತಕ್ಕಡಿಗೆ ಹಾಕಲಾಗಿತ್ತು ಎಂಬುದೂ ಅಷ್ಟೇ ಸರಿ.

ಅದೇ ತಿಂಗಳಲ್ಲಿ ಇನ್ನೊಂದು ಸುದ್ದಿಯೂ ಹೊರಬಿತ್ತು. ತಲೆಮಾರುಗಳಿಂದ ಲಾಭದಲ್ಲಿದ್ದ ಈ ಸಂಸ್ಥೆ ನೌಕರರ ಸಂಬಳ ಕೊಡಲು ಬ್ಯಾಂಕಿನಿಂದ ಸುಮಾರು 962 ಕೋಟಿ ರೂಪಾಯಿ ಓವರ್‌ಡ್ರಾಫ್ಟ್ ತೆಗೆಯಬೇಕಾಗಿ ಬಂದಿತ್ತು. ಲೆಕ್ಕಪತ್ರದಲ್ಲಿ ಲಾಭವಿತ್ತು, ಗಲ್ಲಾದಲ್ಲಿ ರೊಕ್ಕವಿರಲಿಲ್ಲ. ಏಕೆ? ಗಿರಾಕಿಯಾದ ಸರ್ಕಾರ ಮಾಲು ಒಯ್ದು ಸಾವಿರಾರು ಕೋಟಿ ಉದ್ರಿ ಉಳಿಸಿಕೊಂಡಿತ್ತು. ಮಾಲೀಕನಾದ ಅದೇ ಸರ್ಕಾರ ಅದಕ್ಕೂ ಮೊದಲು, ಷೇರು ಮರುಖರೀದಿಯ ಹೆಸರಿನಲ್ಲಿ, 2015-16ರಲ್ಲಿ 4,284 ಕೋಟಿ, 2017-18ರಲ್ಲಿ 921 ಕೋಟಿ ರೂಪಾಯಿಗಳನ್ನು ಸಂಸ್ಥೆಯ ತಿಜೋರಿಯಿಂದ ಬಳಿದುಕೊಂಡಿತ್ತು. ಒಬ್ಬನೇ ಮನುಷ್ಯ ಗಿರಾಕಿಯ ವೇಷದಲ್ಲಿ ಬಂದು ಉದ್ರಿ ಹೇಳುತ್ತಾನೆ, ಮಾಲೀಕನ ವೇಷದಲ್ಲಿ ಬಂದು ಗಲ್ಲಾ ಎತ್ತುತ್ತಾನೆ. ಇಂಥ ಅಂಗಡಿಯ ಗುಮಾಸ್ತನನ್ನು ಮಾತ್ರ ‘ನೀನು ಅದಕ್ಷ’ ಎಂದು ಬೈದರೆ ನ್ಯಾಯವೇ?

ಇಂದು ಆ ತಿಜೋರಿ ತುಂಬಿದೆ. 2025ರ ಮಾರ್ಚ್ ಅಂತ್ಯಕ್ಕೆ ಸುಮಾರು 38,000 ಕೋಟಿ ನಗದು ಇತ್ತು. ಲಾಭ 8,300 ಕೋಟಿಯನ್ನು ಮೀರಿತ್ತು. ಸಲಹೆಗಾರರು ಇದನ್ನು ‘ಸಾಲವಿಲ್ಲದ ಕಂಪನಿ’ ಎಂದು ಹೊಗಳುತ್ತಾರೆ. ಆದರೆ ಆ ನಗದಿನ ದೊಡ್ಡ ಭಾಗ ಯಾರದ್ದು? ಇನ್ನೂ ಕಟ್ಟದ ವಿಮಾನಗಳಿಗಾಗಿ ಬೊಕ್ಕಸದಿಂದ ಬಂದ ಮುಂಗಡ. ನಮ್ಮ ಕಡೆಯ ಭಾಷೆಯಲ್ಲಿ ಹೇಳುವುದಾದರೆ ಬಯಾನಾ. ಆ ವರ್ಷ ಮುಖ್ಯವಾಗಿ ಠೇವಣಿಯ ಬಡ್ಡಿಯಿಂದ ಬಂದ ‘ಇತರೆ ಆದಾಯ’ವೇ ಸುಮಾರು 2,500 ಕೋಟಿ. ಬಯಾನಾ ತೆಗೆದುಕೊಂಡು, ಅದನ್ನು ಬ್ಯಾಂಕಿನಲ್ಲಿಟ್ಟು, ಬಡ್ಡಿಯನ್ನು ಲಾಭದ ಕಾಲಂನಲ್ಲಿ ಬರೆದರೆ ಲೆಕ್ಕ ಕಾನೂನಿಗೆ ಸರಿಯಾಗಿಯೇ ಇರುತ್ತದೆ. ಆದರೆ ಕೆಲಸ ತಡವಾದಷ್ಟೂ ಬಡ್ಡಿ ಹೆಚ್ಚುವ ಲಾಭವನ್ನು ಕಸುವು ಎನ್ನಲಾಗದು.

ಮೂರನೆಯ ಉತ್ತರ, ‘ಸರ್ಕಾರವೇ ಹಿಂದಿದೆ’ ಎಂಬುದು. ಸರ್ಕಾರ ಹಿಂದಿರುವುದು ಎಂದರೇನೆಂದು ಹುಬ್ಬಳ್ಳಿಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ನಮ್ಮ ಬೆಂಗೇರಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ಮಾನಕ ಸಂಸ್ಥೆಯ ಮಾನ್ಯತೆಯೊಂದಿಗೆ ಖಾದಿಯ ರಾಷ್ಟ್ರಧ್ವಜ ತಯಾರಿಸಿ ದೇಶಕ್ಕೆಲ್ಲ ಕೊಟ್ಟ ಕೇಂದ್ರ ಅದು. ದೇಶಭಕ್ತಿಯೇ ಬಂಡವಾಳವಾದರೆ ಅದಕ್ಕಿಂತ ಗಟ್ಟಿಯಾದ ಉದ್ದಿಮೆ ಭಾರತದಲ್ಲಿ ಇನ್ನೊಂದಿರಲಾರದು. ಆದರೆ 2021ರ ಡಿಸೆಂಬರ್ 30ರಂದು ದೆಹಲಿಯಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಯಿತು. ಯಂತ್ರದಲ್ಲಿ ನೇಯ್ದ ಪಾಲಿಯೆಸ್ಟರ್ ಬಟ್ಟೆಯ ಧ್ವಜಕ್ಕೂ ಅನುಮತಿ ಸಿಕ್ಕಿತು. ಮರುವರ್ಷ ಮನೆಮನೆಯ ಮೇಲೂ ತ್ರಿವರ್ಣ ಹಾರಿತು, ಬೆಂಗೇರಿಯ ಹೆಣ್ಣುಮಕ್ಕಳ ಕೈಯ ಕೆಲಸಕ್ಕೆ ಮಾತ್ರ ಪೆಟ್ಟು ಬಿತ್ತು. ಒಂದು ಸಹಿಯಿಂದ ಬದುಕುವ ಉದ್ದಿಮೆ ಇನ್ನೊಂದು ಸಹಿಯಿಂದ ಬಾಡುತ್ತದೆ.

ಧ್ವಜದ ಮಾತು ಬೇರೆ, ಉನ್ನತ ತಂತ್ರಜ್ಞಾನದ ಮಾತು ಬೇರೆ ಎನ್ನುವವರು ಬೆಂಗಳೂರಿನ ದೂರವಾಣಿನಗರವನ್ನು ನೋಡಬೇಕು. 1948ರಲ್ಲಿ ಹುಟ್ಟಿದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಅಂದಿನ ಲೆಕ್ಕಕ್ಕೆ ದೇಶದ ಅತ್ಯುನ್ನತ ತಂತ್ರಜ್ಞಾನದ ಕಾರ್ಖಾನೆ. ಅದಕ್ಕೂ ಇದ್ದದ್ದು ಒಬ್ಬನೇ ಗಿರಾಕಿ, ಸರ್ಕಾರದ ದೂರಸಂಪರ್ಕ ಇಲಾಖೆ. ಮನೆಗೆ ಫೋನು ಬರಲು ಜನ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಅದರ ಆರ್ಡರ್ ಪುಸ್ತಕವೂ ತುಂಬಿಯೇ ಇತ್ತು. 1991ರ ನಂತರ ಬಾಗಿಲು ತೆರೆಯಿತು, ವಿದೇಶಿ ಕಂಪನಿಗಳು ಬಂದವು, ಮೊಬೈಲು ಬಂತು. ಸಂಸ್ಥೆ ರೋಗಗ್ರಸ್ತ ಉದ್ದಿಮೆಗಳ ಪಟ್ಟಿ ಸೇರಿತು. ಎಚ್‌ಎಎಲ್ ಬಾಗಿಲೂ ಈಗ ಅರ್ಧ ತೆರೆದಿದೆ. ಮುಂದಿನ ಪೀಳಿಗೆಯ ‘ಆಮ್ಕಾ’ ಯುದ್ಧವಿಮಾನವನ್ನು ಕಟ್ಟುವ ಅವಕಾಶಕ್ಕೆ ಖಾಸಗಿಯವರೂ ಸ್ಪರ್ಧಿಸಬಹುದೆಂದು 2025ರ ಮೇ ತಿಂಗಳಲ್ಲೇ ಕೇಂದ್ರ ತೀರ್ಮಾನಿಸಿತು. ಹೊರದೇಶದ ಗಿರಾಕಿಯನ್ನು ಹುಡುಕಿದ ಅನುಭವವಾದರೂ ಹೇಗಿದೆ? ಈಕ್ವೆಡಾರ್ ದೇಶ ಏಳು ‘ಧ್ರುವ’ ಹೆಲಿಕಾಪ್ಟರುಗಳನ್ನು ಕೊಂಡಿತು. ನಾಲ್ಕು ಅಪಘಾತಕ್ಕೀಡಾದವು. 2015ರಲ್ಲಿ ಆ ದೇಶ ಒಪ್ಪಂದವನ್ನೇ ರದ್ದು ಮಾಡಿತು.

ಎಲ್ಲಕ್ಕಿಂತ ಆಳವಾದ ದೌರ್ಬಲ್ಯ ಇರುವುದು ಎಂಜಿನ್ನಿನಲ್ಲಿ. 1961ರಲ್ಲಿ ಬೆಂಗಳೂರಿನ ಆಕಾಶದಲ್ಲಿ ‘ಮಾರುತ್’ ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ನೇತೃತ್ವದಲ್ಲಿ ಎಚ್‌ಎಎಲ್ ರೂಪಿಸಿದ ಯುದ್ಧವಿಮಾನ. ದೇಹ ಚೆನ್ನಾಗಿತ್ತು, ಅದಕ್ಕೆ ತಕ್ಕ ಎಂಜಿನ್ ಸಿಗಲಿಲ್ಲ. ಕೊನೆಯವರೆಗೂ ಕಡಿಮೆ ಶಕ್ತಿಯ ಎಂಜಿನ್ನಿನಲ್ಲೇ ಏಗಿ 1990ರಲ್ಲಿ ಅದು ನಿವೃತ್ತವಾಯಿತು. ಆಗ ಕಲಿಯಬೇಕಿದ್ದ ಪಾಠವನ್ನು ದೇಶ ಕಲಿಯಿತೇ? 1983ರಲ್ಲಿ ತೇಜಸ್ ಯೋಜನೆಗೆ ಮಂಜೂರಾತಿ ದೊರೆಯಿತು. ಅದಕ್ಕಾಗಿ ‘ಕಾವೇರಿ’ ಎಂಬ ನಮ್ಮದೇ ಎಂಜಿನ್ ಕಟ್ಟಲು ಬೆಂಗಳೂರಿನ ಇನ್ನೊಂದು ಸರ್ಕಾರಿ ಪ್ರಯೋಗಾಲಯಕ್ಕೆ ವಹಿಸಲಾಯಿತು. 2008ರಲ್ಲಿ ಆ ಎಂಜಿನ್ನನ್ನು ತೇಜಸ್‌ನಿಂದ ಬೇರ್ಪಡಿಸಲಾಯಿತು. ತೇಜಸ್‌ನಲ್ಲಿ ಸ್ವದೇಶಿ ಪಾಲು ಸುಮಾರು ಶೇ. 35 ಮಾತ್ರ ಎಂದು 2015ರಲ್ಲಿ ಮಹಾಲೇಖಪಾಲರ ವರದಿ ಹೇಳಿತು. 2021ರಲ್ಲಿ ಅಮೆರಿಕದ ಜಿಇ ಕಂಪನಿಯಿಂದ 99 ಎಂಜಿನ್ ತರಿಸಲು ಒಪ್ಪಂದವಾಯಿತು. ಮೊದಲ ಎಂಜಿನ್ನನ್ನು ಜಿಇ ಒಪ್ಪಿಸುವ ಹೊತ್ತಿಗೆ 2025ರ ಮಾರ್ಚ್ ಆಗಿತ್ತು. ವಿಮಾನದ ದೇಹಗಳು ಕಾರ್ಖಾನೆಯಲ್ಲಿ ಎಂಜಿನ್ನಿಗಾಗಿ ಬಾಯಿ ತೆರೆದು ನಿಂತವು. ಬೆಂಗಳೂರಿನ ಎರಡು ಸಾಲು ಸೇರಿ ವರ್ಷಕ್ಕೆ 16, ನಾಸಿಕದ ಹೊಸ ಸಾಲಿನಲ್ಲಿ 8, ಒಟ್ಟು 24 ವಿಮಾನ ಕಟ್ಟುವ ಸಾಮರ್ಥ್ಯವಿದೆ ಎನ್ನುತ್ತಾರೆ. ಎರಡೂ ಒಪ್ಪಂದಗಳ 180 ವಿಮಾನಗಳನ್ನು ಕೊಡಲು, ಎಲ್ಲವೂ ಸುಸೂತ್ರವಾಗಿ ನಡೆದರೂ, ಏಳೂವರೆ ವರ್ಷ. ಆ ಸುಸೂತ್ರದ ಕೀಲಿಕೈ ಬೆಂಗಳೂರಿನಲ್ಲಿಲ್ಲ, ಅಮೆರಿಕದಲ್ಲಿದೆ.

ಎಂಜಿನ್ ತಡವಾದದ್ದು ಜಿಇ ತಪ್ಪು, ಎಚ್‌ಎಎಲ್ ಏನು ಮಾಡೀತು ಎಂದು ಸಮರ್ಥಿಸುವವರಿದ್ದಾರೆ. ಮಾತು ಅರ್ಧ ನಿಜ. ವಾಯುಪಡೆಯೂ ತನ್ನ ಬೇಡಿಕೆಗಳನ್ನು ಬದಲಿಸುತ್ತ ಬಂದಿದೆ ಎಂಬುದೂ ಸುಳ್ಳಲ್ಲ. ಆದರೆ ನಾವಿಲ್ಲಿ ತಪ್ಪು ಯಾರದ್ದೆಂದು ಪಂಚಾಯಿತಿ ಮಾಡುತ್ತಿಲ್ಲ, ಶಕ್ತಿ ಎಷ್ಟೆಂದು ಅಳೆಯುತ್ತಿದ್ದೇವೆ. ಬೇರೆಯವರ ತಪ್ಪಿಗೆ ನನ್ನ ಕೆಲಸ ನಿಲ್ಲುವುದಾದರೆ ಅದೇ ನನ್ನ ದೌರ್ಬಲ್ಯ.

ಇಷ್ಟೆಲ್ಲ ಓದಿ ‘ನೋಡಿ, ಸರ್ಕಾರಿ ಕಾರ್ಖಾನೆಯ ಹಣೆಬರಹವೇ ಇಷ್ಟು, ಖಾಸಗಿಯವರಿಗೆ ಕೊಟ್ಟುಬಿಡಿ’ ಎಂದು ಕುಣಿಯುವವರಿಗೆ ಈ ಲೇಖನ ಸಿಗಲಾರದು. ಖಾಸಗಿಯವರ ಲೆಕ್ಕವನ್ನೂ ನೋಡೋಣ. ನಮ್ಮ ಪಕ್ಕದ ಬೆಳಗಾವಿಯ ಹತ್ತರಗಿಯಲ್ಲಿ ಏಕಸ್ ಕಂಪನಿ ಏರ್‌ಬಸ್, ಬೋಯಿಂಗ್ ವಿಮಾನಗಳಿಗೆ ಬಿಡಿಭಾಗ ಮಾಡಿಕೊಡುತ್ತದೆ. ಉತ್ತರ ಕರ್ನಾಟಕದ ಹುಡುಗರು ಮೈಕ್ರಾನ್ ಲೆಕ್ಕದಲ್ಲಿ ಲೋಹ ಕಡೆಯಬಲ್ಲರೆಂದು ತೋರಿಸಿದ ಉದ್ಯಮ ಅದು, ಅದನ್ನು ಅಲ್ಲಗಳೆಯುವ ಕಾರಣವಿಲ್ಲ. 2025ರ ಡಿಸೆಂಬರಿನಲ್ಲಿ ಅದರ ಷೇರು ಪೇಟೆಗೆ ಬಂತು. 2024-25ರಲ್ಲಿ ಅದು ನೂರು ಕೋಟಿಗೂ ಮೀರಿ ನಷ್ಟ ತೋರಿಸಿತ್ತು. ಆದರೂ ಇದ್ದ ಷೇರುಗಳ ನೂರು ಪಟ್ಟಿಗೂ ಹೆಚ್ಚು ಬೇಡಿಕೆ ಬಂತು! ಲಾಭದಲ್ಲಿದ್ದ ಎಚ್‌ಎಎಲ್ ಷೇರನ್ನು 2018ರಲ್ಲಿ ಕೊಳ್ಳುವವರಿರಲಿಲ್ಲ, ನಷ್ಟದಲ್ಲಿದ್ದ ಕಂಪನಿಯ ಷೇರಿಗೆ 2025ರಲ್ಲಿ ನೂಕುನುಗ್ಗಲು. ಪೇಟೆಯ ಬುದ್ಧಿಗೆ ಇದಕ್ಕಿಂತ ಬೇರೆ ಸರ್ಟಿಫಿಕೇಟು ಬೇಕೇ?

ಬಿಡಿಭಾಗ ಮಾಡುವುದಕ್ಕೂ ಇಡೀ ವಿಮಾನವನ್ನು ಕಲ್ಪಿಸಿ, ಕಟ್ಟಿ, ಹಾರಿಸುವುದಕ್ಕೂ ಬಹಳ ಅಂತರವಿದೆ. ಆ ಎರಡನೆಯ ವಿದ್ಯೆ ಈ ದೇಶದಲ್ಲಿ ಎಂಬತ್ತು ವರ್ಷಗಳಿಂದ ಮುಖ್ಯವಾಗಿ ಎಚ್‌ಎಎಲ್ ಮತ್ತು ಅದರ ಸುತ್ತಲಿನ ಸರ್ಕಾರಿ ಪ್ರಯೋಗಾಲಯಗಳಲ್ಲಿ ಬೆಳೆದಿದೆ. ಸಿಯಾಚಿನ್‌ನ ಎತ್ತರಕ್ಕೆ ಆಯುಧ ಹೊತ್ತು ಏರಬಲ್ಲ ‘ಪ್ರಚಂಡ್’ ಹೆಲಿಕಾಪ್ಟರನ್ನು ರೂಪಿಸಿದ್ದು ಯಾವ ಶ್ರೀಮಂತ ಮನೆತನವೂ ಅಲ್ಲ. ಕಾರ್ಗಿಲ್ ಯುದ್ಧದ ಕೊರತೆಯನ್ನು ಕಂಡು, ವರ್ಷಗಟ್ಟಲೆ ಗುದ್ದಾಡಿ, 2022ರಲ್ಲಿ ವಾಯುಪಡೆಗೆ ಒಪ್ಪಿಸಿದ್ದು ಈ ‘ಬಿಳಿ ಆನೆ’ಯೇ. ಇಂಥ ವಿದ್ಯೆ ಟೆಂಡರಿನಲ್ಲಿ ಸಿಗುವುದಿಲ್ಲ. ಒಮ್ಮೆ ಚದುರಿತೆಂದರೆ ಮತ್ತೆ ಕೂಡುವುದೂ ಇಲ್ಲ. ಬೆಂಗಳೂರಿನ ಎನ್‌ಜಿಇಎಫ್ ಮುಚ್ಚಿದಾಗ ಉಳಿದದ್ದು ಬೈಯಪ್ಪನಹಳ್ಳಿಯ ಬೆಲೆಬಾಳುವ ನೆಲ ಮಾತ್ರ. ಅಲ್ಲಿ ಟ್ರಾನ್ಸ್‌ಫಾರ್ಮರ್ ಕಟ್ಟಿದ ಕೈಗಳು ಎಲ್ಲಿ ಹೋದವು ಎಂದು ಯಾರೂ ಲೆಕ್ಕವಿಡಲಿಲ್ಲ. ಧಾರವಾಡದ ದಾರಿಯ ರಾಯಾಪುರದಲ್ಲಿರುವ ಅದೇ ಹೆಸರಿನ ನಮ್ಮ ಕಾರ್ಖಾನೆಯ ಮುಂದೆ ಹಾದುಹೋಗುವಾಗಲೆಲ್ಲ ಈ ಪ್ರಶ್ನೆ ನಮ್ಮನ್ನು ಚುಚ್ಚಬೇಕು.

ಕೈಗಳ ಮಾತು ಬಂದಾಗ ಷೇರು ಸಲಹೆಗಾರರ ವರದಿಗಳು ಏಕೆ ಮೌನವಾಗುತ್ತವೆ? 2019ರ ಅಕ್ಟೋಬರ್ 14ರಂದು ಎಚ್‌ಎಎಲ್‌ನ ಒಂಬತ್ತು ಘಟಕಗಳ ಸುಮಾರು ಇಪ್ಪತ್ತು ಸಾವಿರ ಕಾರ್ಮಿಕರು ಮುಷ್ಕರ ಹೂಡಿದರು. 2017ರ ಜನವರಿಯಿಂದ ಬರಬೇಕಾಗಿದ್ದ ವೇತನ ಪರಿಷ್ಕರಣೆಯಲ್ಲಿ ಅಧಿಕಾರಿಗಳಿಗೊಂದು ನ್ಯಾಯ, ತಮಗೊಂದು ನ್ಯಾಯ ಏಕೆ ಎಂಬುದು ಅವರ ಪ್ರಶ್ನೆಯಾಗಿತ್ತು. ಹೈಕೋರ್ಟ್ ಆದೇಶದ ನಂತರ ಅವರು ಕೆಲಸಕ್ಕೆ ಮರಳಿದರು. ಒಂದು ರಿವೆಟ್ ತಪ್ಪಿದರೆ ಒಬ್ಬ ಪೈಲಟ್ ಸಾಯುವ ಉದ್ಯೋಗ ಇದು. 2025ರ ಜನವರಿಯಲ್ಲಿ ಪೋರಬಂದರಿನಲ್ಲಿ ಕರಾವಳಿ ಪಡೆಯ ‘ಧ್ರುವ’ ಬಿದ್ದು ಮೂವರು ಸತ್ತರು, ಇಡೀ ಧ್ರುವ ಪಡೆ ತಿಂಗಳುಗಟ್ಟಲೆ ನೆಲ ಹಿಡಿಯಿತು. ನವೆಂಬರಿನಲ್ಲಿ ದುಬೈ ಪ್ರದರ್ಶನದಲ್ಲಿ ತೇಜಸ್ ಬಿದ್ದು ಅದರ ಪೈಲಟ್ ಪ್ರಾಣ ಕಳೆದುಕೊಂಡರು. ಮರುವಹಿವಾಟಿನ ದಿನ ಪೇಟೆ ಕೇಳಿದ್ದು ಷೇರು ಎಷ್ಟು ಬಿತ್ತು ಎಂದು! ಕುಶಲ ಕೈಗಳಿಗೆ ತಕ್ಕ ಸಂಬಳ, ಭದ್ರವಾದ ಕೆಲಸ, ಹಿರಿಯರಿಂದ ಕಿರಿಯರಿಗೆ ವಿದ್ಯೆ ದಾಟುವ ವ್ಯವಸ್ಥೆ ಇದೆಯೇ ಎಂಬುದು ಇಂಥ ಕಾರ್ಖಾನೆಯ ಮೊದಲ ಬಂಡವಾಳ. ಹುಬ್ಬಳ್ಳಿಯಲ್ಲಿ ಬಿವಿಬಿ ಕಾಲೇಜಿನಿಂದ ಬೆಳೆದ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಿದೆ, ಧಾರವಾಡದಲ್ಲಿ ಎಸ್‌ಡಿಎಂ ಇದೆ, 2016ರಿಂದ ಐಐಟಿ ಇದೆ. ನೂರು ವರ್ಷಕ್ಕೂ ಹಳೆಯ ರೈಲ್ವೆ ವರ್ಕ್‌ಶಾಪಿನಲ್ಲಿ ತಲೆಮಾರುಗಳ ಕೈಚಳಕವಿದೆ. ಆದರೂ ಎಚ್‌ಎಎಲ್ ನಕ್ಷೆಯಲ್ಲಿ ಬೆಂಗಳೂರು, ತುಮಕೂರು, ದೂರದ ಕೊರಾಪುಟ್, ಕಾನ್ಪುರ, ಗಡಿಯಾಚೆಯ ನಮ್ಮ ಕಾಸರಗೋಡು ಇವೆ, ಹುಬ್ಬಳ್ಳಿ-ಧಾರವಾಡ ಇಲ್ಲ. ಎಂಜಿನ್ ವಿದ್ಯೆಯಲ್ಲಿ ಬಡವಾಗಿರುವ ಸಂಸ್ಥೆ, 38,000 ಕೋಟಿ ಬ್ಯಾಂಕಿನಲ್ಲಿಟ್ಟು ಕೂತಿರುವಾಗ, ಇಂಥ ಊರುಗಳಲ್ಲಿ ವಿದ್ಯೆಯನ್ನು ಬಿತ್ತಲು ಎಷ್ಟು ಖರ್ಚು ಮಾಡುತ್ತಿದೆ ಎಂದು ಕೇಳುವುದು ಪ್ರಾದೇಶಿಕ ಹಠವಲ್ಲ. ಅದು ಉದ್ದಿಮೆಯ ನಾಳಿನ ಶಕ್ತಿಯ ಪ್ರಶ್ನೆ.

ಇನ್ನೊಂದು ಮಾತನ್ನು ಹೇಳದೆ ಮುಗಿಸಲಾಗದು. ಗಡಿಯಲ್ಲಿ ಗುಂಡು ಹಾರಿದ ದಿನ ತನ್ನ ಷೇರು ಏರಿತೆಂದು ಪೇಡೆ ಹಂಚುವವನು ದೇಶಭಕ್ತನಲ್ಲ. ಸೈನಿಕನ ತಾಯಿ ಯುದ್ಧ ಬೇಡ ಎಂದು ಪ್ರಾರ್ಥಿಸುತ್ತಿರುವಾಗ, ಯುದ್ಧ ಬಂದರೆ ತನಗೆ ಲಾಭ ಎಂದು ಎಣಿಸುವ ಒಂದು ಮಧ್ಯಮ ವರ್ಗವನ್ನು ನಾವು ಸದ್ದಿಲ್ಲದೆ ಬೆಳೆಸುತ್ತಿದ್ದೇವೆ. ರಕ್ಷಣಾ ಕಾರ್ಖಾನೆ ಬೇಕು, ಯಾರೂ ಬೇಡವೆನ್ನುವುದಿಲ್ಲ. ಆದರೆ ಅದು ಊರ ಕಾವಲಿನ ಬಾವಿಯಂತೆ ಇರಬೇಕು, ಬೆಂಕಿ ಬಿದ್ದರೆ ನೀರಿಗೆ ಬೆಲೆ ಬರುತ್ತದೆಂದು ಕಾದು ಕೂರುವವರ ಜೂಜಿನ ಕಟ್ಟೆಯಾಗಬಾರದು.

ಹಾಗಾದರೆ ಶಕ್ತಿಯನ್ನು ಅಳೆಯುವುದು ಹೇಗೆ? ಕಷ್ಟವೇನಿಲ್ಲ. ಈ ವರ್ಷ ಎಷ್ಟು ಕೊಡುತ್ತೇನೆಂದಿದ್ದರು, ಎಷ್ಟು ಕೊಟ್ಟರು? ತಿಜೋರಿಯ ಹಣದಲ್ಲಿ ದುಡಿದದ್ದು ಎಷ್ಟು, ಬಯಾನಾ ಎಷ್ಟು? ಗಿರಾಕಿ ಉಳಿಸಿಕೊಂಡ ಉದ್ರಿ ಎಷ್ಟು? ವಿಮಾನದ ಯಾವ ಯಾವ ಅಂಗ ಬೇರೆಯವರ ಮರ್ಜಿಯಲ್ಲಿದೆ? ಬಿದ್ದ ಪ್ರತಿ ವಿಮಾನದ ತನಿಖೆ ಏನು ಹೇಳಿತು, ಅದರಿಂದ ಏನು ಬದಲಾಯಿತು? ನುರಿತ ಕಾರ್ಮಿಕರಲ್ಲಿ ಕಾಯಂ ಎಷ್ಟು, ಗುತ್ತಿಗೆ ಎಷ್ಟು? ಒಂದು ಸಣ್ಣ ಕಿರಾಣಿ ಅಂಗಡಿಗೆ ಸಾಲ ಕೊಡುವ ಮುಂಚೆ ಪತ್ತಿನ ಸಹಕಾರಿ ಸಂಘದ ಮ್ಯಾನೇಜರು ಇದಕ್ಕಿಂತ ಹೆಚ್ಚು ಪ್ರಶ್ನೆ ಕೇಳುತ್ತಾನೆ. ಲಕ್ಷ ಕೋಟಿಗಳ ಸಹಿ ಹಾಕುವ ಸರ್ಕಾರವನ್ನು ಇಷ್ಟಾದರೂ ಕೇಳಲು ನಮ್ಮ ಸಂಸದರಿಗೆ ಏನು ಅಡ್ಡಿ?

ಷೇರು ಕೊಂಡವರು ಬೇಡವೆನಿಸಿದ ದಿನ ಮಾರಿ ಕೈತೊಳೆದುಕೊಳ್ಳಬಹುದು. ಮೈಸೂರು ಸಂಸ್ಥಾನದ ಕಾಲದಿಂದ ಇದಕ್ಕೆ ತೆರಿಗೆ ಕಟ್ಟಿದವರ ವಂಶಕ್ಕೆ, ಇದರ ವಿಮಾನದಲ್ಲಿ ಕೂತು ಹಾರುವ ಹುಡುಗರ ಮನೆಯವರಿಗೆ, ಇದರೊಳಗೆ ಕೆಲಸ ಸಿಕ್ಕೀತೆಂದು ಕಾಯುತ್ತಿರುವ ನವಲಗುಂದ-ಕುಂದಗೋಳದ ಮಕ್ಕಳಿಗೆ ಆ ಸೌಲಭ್ಯವಿಲ್ಲ. ಈ ಕಾರ್ಖಾನೆಯ ಲೆಕ್ಕ ಕೇಳುವ ಮೊದಲ ಹಕ್ಕು ಅವರದ್ದು. ಅವರು ಇನ್ನೂ ಕೇಳಲು ಶುರು ಮಾಡಿಲ್ಲ ಎಂಬುದೇ ಇಂದು ಈ ಸಂಸ್ಥೆಯ ಅತಿ ದೊಡ್ಡ ದೌರ್ಬಲ್ಯ.